ನಾಗಾವಿಯ ಕೈಬರಹ ಮತ್ತು ಕನ್ನಡದ ಅಚ್ಚಿನ ಮೊಳೆ

ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ, ಚಿಂಚೋಳಿ, ಶಹಾಬಾದ ತಾಲೂಕುಗಳನ್ನು ಒಳಗೊಂಡ ಪ್ರದೇಶವು ಭೀಮಾ ಮತ್ತು ಅದರ ಉಪನದಿ ಕಾಗಿಣಾಗಳ ದಡದಲ್ಲಿ ಹರಡಿಕೊಂಡಿದೆ. ಸನ್ನತಿ, ಮಳಖೇಡ, ನಾಗಾವಿ, ಕಾಳಗಿ, ಸೇಡಂ, ಮರತೂರುಗಳಂತಹ ಚಾರಿತ್ರಿಕ ಸ್ಥಳಗಳು ಒಂದಕ್ಕೊಂದು ಸಮೀಪದಲ್ಲಿಯೇ ಇರುವ ಈ ನೆಲದ ರಾಜಕೀಯ, ಧಾರ್ಮಿಕ ಹಾಗೂ ಸಾಹಿತ್ಯಕ ಇತಿಹಾಸವನ್ನು ಕುರಿತು ಸಾಕಷ್ಟು ಅಧ್ಯಯನಗಳು ನಡೆದಿವೆ. ಶಾಸನಗಳು ಏನು ಹೇಳುತ್ತವೆ ಎಂಬುದನ್ನು ನಮ್ಮ ವಿದ್ವಾಂಸರು ಎರಡು ಮೂರು ತಲೆಮಾರುಗಳಿಂದ ಶ್ರದ್ಧೆಯಿಂದ ಓದಿದ್ದಾರೆ. ಆದರೆ ಅವುಗಳನ್ನು ಬರೆದ ಕೈ ಹೇಗಿತ್ತು, ಆ ಕೈಬರಹದ ಚೆಲುವು ಮುಂದೆ ಮುದ್ರಣದ ಕಾಲದಲ್ಲಿ ಏನಾಯಿತು ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಈ ಪ್ರದೇಶದ ಅತ್ಯುತ್ತಮ ಕನ್ನಡ ಕೈಬರಹವು ಅಚ್ಚಿನ ಮೊಳೆಯಾಗಿ ಎಂದೂ ರೂಪುಗೊಳ್ಳಲಿಲ್ಲ. ಇಂದು ನಾವು ಓದುವ ಕನ್ನಡದ ಅಚ್ಚಕ್ಷರವು ಬೇರೆ ಊರುಗಳ, ಬೇರೆ ಕಾಲದ ಕೈಗಳಿಂದ ಹುಟ್ಟಿದ್ದು. ಈ ಮಾತನ್ನು ನಾಗಾವಿಯ ಶಾಸನಗಳನ್ನು ಕೇಂದ್ರವಾಗಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಪರಿಸರದಲ್ಲಿ ಅಕ್ಷರದ ಇತಿಹಾಸ ಆರಂಭವಾಗುವುದು ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ. ಭೀಮಾ ನದಿಯ ದಡದ ಚಂದ್ರಲಾಂಬಾ ದೇವಾಲಯ ಸಂಕೀರ್ಣದಲ್ಲಿನ ಕಾಳಿಯ ಗುಡಿಯಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿದೆ. ಬಂಡೆಯ ಎರಡೂ ಮುಖಗಳಲ್ಲಿ ಬರಹವಿದ್ದು, 12 ಮತ್ತು 14ನೆಯ ಬಂಡೆಗಲ್ಲು ಶಾಸನಗಳೂ ಕಳಿಂಗಕ್ಕೆ ಸಂಬಂಧಿಸಿದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿವೆ. ಯಾವುದೋ ಕಾಲದಲ್ಲಿ ಅದನ್ನು ದೇವರ ಪೀಠವನ್ನಾಗಿ ಮಾಡಿಕೊಳ್ಳುವಾಗ ಬರಹದ ಒಂದು ಭಾಗ ಕತ್ತರಿಸಿ ಹೋಗಿದೆ. ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 1994ರಿಂದ ಕೈಗೊಂಡ ಉತ್ಖನನದಲ್ಲಿ ದೊರೆತ ಮಹಾಚೈತ್ಯದ ಫಲಕಗಳಲ್ಲಿ, ಅಶೋಕನ ಶಿಲ್ಪದ ಜೊತೆಗೆ ಅವನ ಹೆಸರನ್ನೂ ಬರೆದಿರುವುದು ಈಗ ಜಗತ್ತಿಗೆಲ್ಲ ತಿಳಿದಿದೆ. ಸಾತವಾಹನ ಅರಸರ ಹೆಸರುಗಳೂ ಇಂತಹ ಫಲಕಗಳ ಮೇಲಿವೆ.

ಅಕ್ಷರಕಲೆಯ ದೃಷ್ಟಿಯಿಂದ ಗಮನಿಸಬೇಕಾದುದು ಇಷ್ಟು. ಅಶೋಕನ ಕಾಲದ ಬ್ರಾಹ್ಮಿಯು ಗೆರೆ, ಕೋನ, ವೃತ್ತಗಳ ಸರಳ ಲಿಪಿ. ಸಾತವಾಹನರ ಕೊನೆಗಾಲಕ್ಕೆ ಬರುವಷ್ಟರಲ್ಲಿ ಅದರ ತಲೆಯಲ್ಲಿ ಸಣ್ಣ ದಪ್ಪ, ಬುಡದಲ್ಲಿ ಬಾಗು ಕಾಣಿಸಿಕೊಳ್ಳುತ್ತವೆ. ಮುಂದೆ ಕೃಷ್ಣೆಯ ಕೆಳಹರಿವಿನಲ್ಲಿ, ಇಕ್ಷ್ವಾಕು ಅರಸರ ಜಗ್ಗಯ್ಯಪೇಟೆ, ನಾಗಾರ್ಜುನಕೊಂಡಗಳಲ್ಲಿ ಈ ಬಾಗುಗಳು ಉದ್ದನೆಯ ಅಲಂಕಾರದ ಬಾಲಗಳಾಗುತ್ತವೆ. ಲೇಖನಿಯಿಂದ ಬರೆದ ಅಕ್ಷರದ ಓಟವನ್ನು ಉಳಿಯು ಅನುಕರಿಸತೊಡಗಿದ ಘಟ್ಟವಿದು. ಕನಗನಹಳ್ಳಿಯ ಶಿಲ್ಪಿಗಳಿಗೆ ಸಿಕ್ಕಿದ್ದು ಸ್ಥಳೀಯ ಸುಣ್ಣಕಲ್ಲು, ಅಂದರೆ ನಮ್ಮ ಜನ ಇಂದು ಶಹಾಬಾದಿ ಕಲ್ಲೆಂದು ಕರೆದು ಮನೆಗಳಿಗೆ ಹಾಸುವ ಕಲ್ಲಿನ ಬಂಧು. ಅದರ ಸಣ್ಣ ಕಣ ಮತ್ತು ನುಣುಪು ಮೈಗಳು ನವಿರಾದ ಗೆರೆಯನ್ನು ತಾಳಿಕೊಳ್ಳುತ್ತವೆ.

ಸನ್ನತಿಯಿಂದ ಮಳಖೇಡಕ್ಕೆ ಬಂದರೆ ಕಾಲ ಏಳೆಂಟು ಶತಮಾನ ಮುಂದಕ್ಕೆ ಹೋಗುತ್ತದೆ. ಸೇಡಂ ತಾಲೂಕಿನ, ಕಾಗಿಣಾ ದಡದ ಈ ಊರು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ. ಸುಮಾರು 850ರ ‘ಕವಿರಾಜಮಾರ್ಗ’ ಈ ಆಸ್ಥಾನದ ಕೃತಿ. ಕನ್ನಡ ಸಾಹಿತ್ಯದ ಚರ್ಚೆಗಳಲ್ಲಿ ಇಷ್ಟು ದೊಡ್ಡ ಸ್ಥಾನ ಪಡೆದ ಈ ಗ್ರಂಥವನ್ನು ಅದರ ಕಾಲದಲ್ಲಿ ಯಾವ ಬಗೆಯ ಅಕ್ಷರಗಳಲ್ಲಿ ಬರೆದಿದ್ದರು ಎಂಬುದಕ್ಕೆ ಗ್ರಂಥದಿಂದಲೇ ಉತ್ತರ ಸಿಗುವುದಿಲ್ಲ. ಕೆ. ಬಿ. ಪಾಠಕರು 1898ರಲ್ಲಿ ಅದನ್ನು ಪ್ರಕಟಿಸಿದಾಗ ಆಧಾರವಾಗಿದ್ದವು ಶತಮಾನಗಳ ನಂತರದ ಓಲೆಗರಿ ಪ್ರತಿಗಳು. ರಾಷ್ಟ್ರಕೂಟರ ಕಾಲದ ಅಕ್ಷರವನ್ನು ಕಾಣಲು ಕಲ್ಲು, ತಾಮ್ರಗಳಿಗೇ ಹೋಗಬೇಕು. ಅಲ್ಲಿಯೂ ಒಂದೇ ಲಿಪಿ ಇಲ್ಲ. 754ರ ಸಾಮಾನಗಡ ತಾಮ್ರಪಟದಲ್ಲಿ ನಾಗರಿಯ ಪೂರ್ವರೂಪ, ಕನ್ನಡ ನಾಡಿನ ಶಿಲಾಶಾಸನಗಳಲ್ಲಿ ಕನ್ನಡ ಲಿಪಿ. ಎರಡು ಲಿಪಿಗಳ ನಡುವೆ ಓಡಾಡಿದ ಲೇಖಕವರ್ಗವೊಂದು ಆ ರಾಜ್ಯದಲ್ಲಿತ್ತು ಎಂಬುದು ಇದರಿಂದ ಸ್ಪಷ್ಟ.

ನಾಗಾವಿಯ ವಿಷಯ ಇನ್ನೂ ಹೆಚ್ಚು ಕುತೂಹಲಕರ. ಚಿತ್ತಾಪುರ ಪಟ್ಟಣಕ್ಕೆ ಅಂಟಿಕೊಂಡಂತಿರುವ ಈ ನೆಲೆ ಇಂದು ಯಲ್ಲಮ್ಮನ ಕ್ಷೇತ್ರವಾಗಿ, ಅರವತ್ತು ಕಂಬದ ಗುಡಿಯ ಊರಾಗಿ ಜನರಿಗೆ ಪರಿಚಿತ. ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ಅವನ ದಂಡನಾಯಕ ಮಧುಸೂದನನು ಇಲ್ಲಿ ತ್ರೈಪುರುಷ ದೇವಾಲಯವನ್ನೂ ಘಟಿಕಾಸ್ಥಾನವನ್ನೂ ಸ್ಥಾಪಿಸಿದ ಸಂಗತಿ 1058ರ ಶಾಸನದಿಂದ ತಿಳಿಯುತ್ತದೆ. ವೇದ ಕಲಿಯುವ 200 ಮತ್ತು ಶಾಸ್ತ್ರ ಕಲಿಯುವ 52 ವಿದ್ಯಾರ್ಥಿಗಳಿಗೆ, ವೇದಕ್ಕೆ ಮೂವರು ಹಾಗೂ ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರಿಗೆ ಇಲ್ಲಿ ವೃತ್ತಿ ಏರ್ಪಾಡಾಗಿತ್ತು. ಇವರ ಜೊತೆಗೆ ಶಾಸನವು ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಗ್ರಂಥಾಲಯ ಚರಿತ್ರೆಯನ್ನು ಬರೆಯುವವರು ಈ ಉಲ್ಲೇಖವನ್ನು ಮತ್ತೆ ಮತ್ತೆ ಎತ್ತಿಕೊಳ್ಳುವುದು ಸಹಜವೇ ಆಗಿದೆ.

ಆರು ಜನ ಉಪಾಧ್ಯಾಯರಿಗೆ ಆರು ಜನ ಗ್ರಂಥಪಾಲಕರು! ಈ ಪ್ರಮಾಣವು ಇಂದಿನ ಯಾವ ವಿಶ್ವವಿದ್ಯಾಲಯದ ಆಯವ್ಯಯದಲ್ಲಿಯೂ ಮಂಜೂರಾಗಲಾರದು. ಇದನ್ನು ಅರ್ಥ ಮಾಡಿಕೊಳ್ಳುವ ದಾರಿ ಒಂದೇ ಎಂದು ನನಗೆ ತೋರುತ್ತದೆ. ಓಲೆಗರಿಯ ಪುಸ್ತಕವು ಕೊಂಡು ತಂದು ಇಡುವ ವಸ್ತುವಲ್ಲ. ಹುಳು, ತೇವ, ಬಳಕೆಗಳಿಂದ ಅದು ಸವೆಯುತ್ತದೆ, ಹಾಗಾಗಿ ಕಾಲಕಾಲಕ್ಕೆ ಪ್ರತಿ ಎತ್ತಬೇಕು. ಸರಸ್ವತೀ ಭಂಡಾರವೆಂದರೆ ಪುಸ್ತಕ ಕಾಯುವ ಕೋಣೆಯ ಜೊತೆಗೆ ಪುಸ್ತಕ ಬರೆಯುವ ಕಮ್ಮಟವೂ ಆಗಿರಬೇಕು. ಭಂಡಾರಿಗರಲ್ಲಿ ಒಳ್ಳೆಯ ಕೈಬರಹ ಉಳ್ಳವರು ಇದ್ದಿರಲೇಬೇಕು. ಈ ಊಹೆಯನ್ನು ಒಪ್ಪಿದರೆ, ನಾಗಾವಿಯು ಒಂದು ಕಾಲದಲ್ಲಿ ಕನ್ನಡ ನಾಡಿನ ಬರವಣಿಗೆಯ ಕೇಂದ್ರಗಳಲ್ಲಿ ಒಂದಾಗಿತ್ತೆಂದು ಹೇಳಬಹುದು. ಅಲ್ಲಿ ಬರೆದ ಓಲೆಗರಿಗಳು ನಮಗೆ ಉಳಿದು ಬಂದಿಲ್ಲ. ಉಳಿದಿರುವುದು ಕಲ್ಲಿನ ಮೇಲಿನ ಬರಹ.

ಕಲ್ಲಿನ ಬರಹವನ್ನು ಕೈಬರಹವೆಂದು ಕರೆಯುವುದು ಸರಿಯೇ ಎಂಬ ಆಕ್ಷೇಪಕ್ಕೆ ಇಲ್ಲಿ ಉತ್ತರಿಸಬೇಕು. ಕನ್ನಡ ಶಾಸನಗಳು ಸಾಮಾನ್ಯವಾಗಿ ಮೂವರ ಕೆಲಸ. ಪಾಠವನ್ನು ರಚಿಸಿದ ಕವಿ, ಅದನ್ನು ಕಲ್ಲಿನ ಮೇಲೆ ಬರೆದ ಲೇಖಕ, ಬರೆದುದನ್ನು ಕಂಡರಿಸಿದ ರೂವಾರಿ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಇದಕ್ಕೆ ಪ್ರಸಿದ್ಧ ನಿದರ್ಶನ. 12ನೆಯ ಶತಮಾನದ ಈ ಶಾಸನದ ಕೊನೆಯಲ್ಲಿ ಬರೆದವನು ಮಲ್ಲಿನಾಥ, ಕಂಡರಿಸಿದವನು ಗಂಗಾಚಾರಿ ಎಂದು ಇಬ್ಬರ ಹೆಸರೂ ಬೇರೆ ಬೇರೆಯಾಗಿ, ಅವರವರ ಬಿರುದುಗಳೊಂದಿಗೆ ಬಂದಿವೆ. ಲೇಖಕನಿಗೆ ಬಿರುದು ಇತ್ತೆಂದ ಮೇಲೆ ಬರಹದಲ್ಲಿ ಸ್ಪರ್ಧೆ ಇತ್ತು, ನೋಡಿ ಮೆಚ್ಚುವವರಿದ್ದರು ಎಂದಾಯಿತು. ಉಳಿಯು ಅನುಸರಿಸಿದ್ದು ಲೇಖಕನ ಗೆರೆಯನ್ನು. ಆದ್ದರಿಂದ ಒಳ್ಳೆಯ ಶಾಸನವೊಂದರ ಅಕ್ಷರವು ಒಬ್ಬ ನಿರ್ದಿಷ್ಟ ಮನುಷ್ಯನ ಕೈಬರಹದ ಗಟ್ಟಿಯಾದ ಪ್ರತಿ.

ಈ ಕಾಲದ ಲೇಖನಿಯ ಬರಹವು ನೇರವಾಗಿಯೇ ನೋಡಲು ಸಿಗುವ ಒಂದು ಸ್ಥಳ ಮೂಡುಬಿದಿರೆ. ಅಲ್ಲಿನ ಬಸದಿಯಲ್ಲಿ ಉಳಿದು ಬಂದ ಧವಲಾ, ಜಯಧವಲಾ ಗ್ರಂಥಗಳ ಓಲೆಪ್ರತಿಗಳು 12ನೆಯ ಶತಮಾನದ ಆರಂಭದ ಕಾಲದವು. ಅಗಲವಾದ ಶ್ರೀತಾಳೆ ಗರಿಯ ಮೇಲೆ ಹಳಗನ್ನಡ ಲಿಪಿಯಲ್ಲಿ ಮಸಿಯಿಂದ ಬರೆದ, ಚಿತ್ರಗಳನ್ನೂ ಉಳ್ಳ ಪ್ರತಿಗಳಿವು. ಜಯಧವಲಾ ಟೀಕೆಯನ್ನು 837ರಲ್ಲಿ ಮುಗಿಸಿದ ಜಿನಸೇನಾಚಾರ್ಯನು ಅಮೋಘವರ್ಷನಿಗೆ ಗುರುವಾಗಿದ್ದವನು. ಹೀಗಾಗಿ ಮಳಖೇಡದ ವಿದ್ಯಾಪರಂಪರೆಯ ಗ್ರಂಥವೊಂದು ಕಡಲ ಕರೆಯ ಬಸದಿಯೊಂದರಲ್ಲಿ ಉಳಿದುಕೊಂಡಿತು. ನಾಗಾವಿಯ 1058ರ ಶಾಸನಕ್ಕೂ ಈ ಓಲೆಗಳಿಗೂ ನಡುವಿನ ಅಂತರ ಎರಡು ತಲೆಮಾರಿಗಿಂತ ಹೆಚ್ಚಲ್ಲ. ಕಂಟದಿಂದ ಗೀರಿದ ಬರಹದಲ್ಲಿ ಗೆರೆಯ ದಪ್ಪ ಎಲ್ಲೆಡೆ ಒಂದೇ. ಮಸಿಯ ಬರಹದಲ್ಲಿ ಗೆರೆ ದಪ್ಪವಾಗುತ್ತದೆ, ತೆಳುವಾಗುತ್ತದೆ, ತಿರುವಿನಲ್ಲಿ ತುಂಬಿಕೊಳ್ಳುತ್ತದೆ. ಕಲ್ಯಾಣ ಚಾಲುಕ್ಯ ಶಾಸನಗಳ ತುಂಬು ದೇಹದ ಅಕ್ಷರವನ್ನು ಕಂಟದ ಬರಹದಿಂದ ವಿವರಿಸುವುದಕ್ಕಿಂತ ಮಸಿ ಮತ್ತು ಲೇಖನಿಗಳಿಂದ ವಿವರಿಸುವುದು ಹೆಚ್ಚು ಸಮಂಜಸ. ನಮ್ಮ ಲಿಪಿಯ ದುಂಡುತನಕ್ಕೆಲ್ಲ ಗರಿ ಹರಿದೀತೆಂಬ ಭಯವೊಂದೇ ಕಾರಣ ಎಂದು ಪಠ್ಯಪುಸ್ತಕಗಳಲ್ಲಿ ಬರೆಯುವ ರೂಢಿಯನ್ನು ಸ್ವಲ್ಪ ಸಡಿಲಿಸಬೇಕಾಗಿದೆ.

ಈ ಕಾಲದ ಬರಹದ ಕೆಲವು ಲಕ್ಷಣಗಳನ್ನು ಗುರುತಿಸಬಹುದು. ಅಕ್ಷರಗಳು ಅಗಲವಾಗಿ, ದುಂಡಾಗಿ ಕುಳಿತಿವೆ. ಇಕಾರದ ಗುಡಿಸು ತಲೆಯ ಮೇಲೆ ಪೂರ್ಣ ವೃತ್ತವಾಗಿ ಬರುತ್ತದೆ. ಈಕಾರವನ್ನು ತೋರಿಸಲು ಅದೇ ವೃತ್ತದ ಒಳಗೆ ಒಂದು ಸುರುಳಿ. ನಾವು ಇಂದು ಬಲಗಡೆ ಹಚ್ಚುವ ದೀರ್ಘದ ಚಿಹ್ನೆ ಅಲ್ಲಿಲ್ಲ. ಎಕಾರ, ಒಕಾರಗಳಲ್ಲಿ ಹ್ರಸ್ವದೀರ್ಘಗಳ ಭೇದವನ್ನು ಬರಹದಲ್ಲಿ ತೋರಿಸುವುದೇ ಇಲ್ಲ, ಓದುವವನು ತಿಳಿದುಕೊಳ್ಳಬೇಕು. ಱ ಮತ್ತು ೞ ಅಕ್ಷರಗಳು ಬಳಕೆಯಲ್ಲಿವೆ. ರೇಫದ ನಂತರದ ವ್ಯಂಜನವನ್ನು ಇಮ್ಮಡಿಸಿ, ಧರ್ಮ್ಮ, ಸರ್ವ್ವ ಎಂದು ಬರೆಯುವುದರಿಂದ ಸಂಯುಕ್ತಾಕ್ಷರಗಳು ಒಂದರ ಕೆಳಗೊಂದು ಇಳಿದು ಮುಂದಿನ ಸಾಲಿನ ಕಡೆಗೆ ಚಾಚುತ್ತವೆ. ಪದಗಳ ನಡುವೆ ತೆರಪಿಲ್ಲ. ಸಾಲು ಮುಗಿದಲ್ಲಿ ಪದವನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು. ಮೇಲುಭಾಗದಲ್ಲಿ ಲಿಂಗ, ಹಸು ಕರು, ಸೂರ್ಯ ಚಂದ್ರರ ಶಿಲ್ಪಪಟ್ಟಿಕೆ, ಅದರ ಕೆಳಗೆ ಇಡೀ ಅಗಲವನ್ನು ತುಂಬಿಕೊಂಡು ಬರುವ ಸಾಲುಗಳು. ಇಂದಿನವರು ಪುಟವಿನ್ಯಾಸವೆಂದು ಕರೆಯುವ ಪರಿಕಲ್ಪನೆ ಈ ಕಲ್ಲುಗಳಲ್ಲಿ ಪಕ್ವವಾಗಿಯೇ ಇದೆ.

ಸೇಡಂನ ವಿಷಯದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ಈ ತಾಲೂಕು ತೆಲಂಗಾಣದ ಅಂಚಿನಲ್ಲಿದೆ, ಇಲ್ಲಿನ ಮನೆಮಾತುಗಳಲ್ಲಿ ತೆಲುಗೂ ಒಂದು. ನಾಗಾವಿಯ ಶಾಸನದ ಕಾಲಕ್ಕೆ ಕನ್ನಡ ಮತ್ತು ತೆಲುಗುಗಳಿಗೆ ಲಿಪಿ ಒಂದೇ ಆಗಿತ್ತು. ತೆಲುಗಿನ ತಲೆಕಟ್ಟು ಮೇಲಕ್ಕೆ ಚಿಮ್ಮಿ, ಕನ್ನಡದ ತಲೆಕಟ್ಟು ಅಡ್ಡಗೆರೆಯಾಗಿ ನಿಂತು, ಎರಡೂ ಸ್ಪಷ್ಟವಾಗಿ ಬೇರೆಯಾದದ್ದು ಮುಂದಿನ ಶತಮಾನಗಳಲ್ಲಿ. ಆ ಅಂತರವನ್ನು ಖಾಯಂಗೊಳಿಸಿದ್ದು 19ನೆಯ ಶತಮಾನದ ಅಚ್ಚಿನ ಮೊಳೆ. ಪಿ. ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ಗ್ರಂಥದಲ್ಲಿ ಸೇಡಂ, ಮಳಖೇಡ, ಅಡಕಿ ಮುಂತಾದ ಊರುಗಳ ಜೈನ ಶಾಸನಗಳು ಬೆಳಕು ಕಂಡವು. ಧರ್ಮದ ಇತಿಹಾಸಕ್ಕಾಗಿ ಓದಿದ ಈ ಶಾಸನಗಳನ್ನು ಎರಡು ಭಾಷೆಗಳ ಸಮಾನ ಲಿಪಿಯ ದಾಖಲೆಗಳೆಂದೂ ನೋಡಲು ಅವಕಾಶವಿದೆ.

ಬಹಮನಿಗಳ ಕಾಲದಿಂದ ಈ ಪ್ರದೇಶಕ್ಕೆ ಇನ್ನೊಂದು ಅಕ್ಷರಸಂಸ್ಕೃತಿ ಬಂತು. ಕಲಬುರಗಿ, ಬೀದರಗಳ ಕಟ್ಟಡಗಳಲ್ಲಿ ಅರಬ್ಬಿ, ಫಾರಸಿ ಲಿಪಿಕಲೆ ಗೋಡೆಯ ಅಲಂಕಾರದ ಮುಖ್ಯ ಅಂಗವಾಯಿತು. ಅದರ ವಿವರ ಇಲ್ಲಿ ಬೇಡ. ನಮ್ಮ ವಿಷಯಕ್ಕೆ ಮುಖ್ಯವಾದುದು ನಿಜಾಮರ ಕಾಲದ ಕಚೇರಿ ಬರಹ. ಹೈದರಾಬಾದ್ ಸಂಸ್ಥಾನದಲ್ಲಿ ಫಾರಸಿಯ ಸ್ಥಾನವನ್ನು 1884ರ ಸುಮಾರಿಗೆ ಉರ್ದು ಆಡಳಿತ ಭಾಷೆಯಾಗಿ ಪಡೆಯಿತು. ಹಳ್ಳಿಯ ಲೆಕ್ಕ, ಜಮೀನಿನ ದಾಖಲೆ, ತಹಸೀಲು ಕಚೇರಿಯ ಹುಕುಂ ಇವೆಲ್ಲ ನಸ್ತಾಲೀಖ್ ಹಾಗೂ ಅದರ ಅವಸರದ ರೂಪವಾದ ಶಿಕಸ್ತಾದಲ್ಲಿ ನಡೆದವು. ಮರಾಠಿಯ ಪ್ರಭಾವವಿದ್ದ ಕಡೆಗಳಲ್ಲಿ ಮೋಡಿಯೂ ಇತ್ತು. ಇವೆಲ್ಲ ಮೂಲತಃ ಕೈಯ ಲಿಪಿಗಳು, ಕೈಯನ್ನು ಎತ್ತದೆ ಬರೆಯುವುದೇ ಅವುಗಳ ಗುಣ. ಮೋಡಿಯನ್ನು ಮೊಳೆಗೆ ಇಳಿಸುವ ಪ್ರಯತ್ನ ಬೇಗನೆ ನಡೆಯಿತು. ವಿಲಿಯಂ ಕೇರಿಯ ಮರಾಠಿ ನಿಘಂಟು 1810ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾದದ್ದು ಮೋಡಿ ಮೊಳೆಗಳಲ್ಲಿ. ಆದರೆ ಮೋಡಿಯ ಅಚ್ಚು ಬೇರೂರಲಿಲ್ಲ.

ನಸ್ತಾಲೀಖ್ ಅನುಸರಿಸಿದ ದಾರಿ ಬೇರೆ. ಪದವು ಬಲ ಮೇಲಿನಿಂದ ಎಡ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ, ಒಂದೇ ಅಕ್ಷರ ನೆರೆಯ ಅಕ್ಷರವನ್ನು ನೋಡಿ ರೂಪ ಬದಲಿಸುತ್ತದೆ. ಸೀಸದ ಚೌಕ ಮೊಳೆಗೆ ಇದು ಒಗ್ಗುವುದಿಲ್ಲ. ಉರ್ದು ಮುದ್ರಕರು ಅದಕ್ಕಾಗಿ ಮೊಳೆಯನ್ನೇ ಬಿಟ್ಟು ಕಲ್ಲಚ್ಚನ್ನು ಹಿಡಿದರು. ಕಾತಿಬನು ವಿಶೇಷ ಮಸಿಯಿಂದ ಬರೆದ ಬರಹವನ್ನು ಸುಣ್ಣಕಲ್ಲಿನ ಹಾಸಿಗೆ ವರ್ಗಾಯಿಸಿ, ಜಿಡ್ಡು ಮತ್ತು ನೀರಿನ ವಿರೋಧದ ಬಲದಿಂದ ನೂರಾರು ಪ್ರತಿ ತೆಗೆಯುವ ವಿಧಾನವಿದು. ಮುದ್ರಣ ಬಂದ ಮೇಲೂ ಬರೆಯುವವನ ಕೈ ಹೀಗೆ ಒಂದೂವರೆ ಶತಮಾನ ಜೀವಂತವಾಗಿ ಉಳಿಯಿತು. ಮಿರ್ಜಾ ಅಹಮದ್ ಜಮೀಲರು ಬರೆದ ಸಾವಿರಾರು ಪದರೂಪಗಳನ್ನು ಆಧರಿಸಿ ಮೋನೋಟೈಪ್ ಕಂಪನಿಯು ಸಿದ್ಧಪಡಿಸಿದ ನೂರಿ ನಸ್ತಾಲೀಖ್ 1981ರಲ್ಲಿ ಲಾಹೋರಿನ ‘ಜಂಗ್’ ಪತ್ರಿಕೆಯಲ್ಲಿ ಬಳಕೆಗೆ ಬಂದಾಗ, ಕೈಬರಹವೇ ನೇರವಾಗಿ ಗಣಕದ ಅಕ್ಷರವಾಯಿತು. ನಡುವೆ ಸೀಸದ ಘಟ್ಟವು ಅದಕ್ಕೆ ಅಡ್ಡ ಬರಲಿಲ್ಲ.

ಕನ್ನಡಕ್ಕೂ ಕಲ್ಲಚ್ಚಿನ ಒಂದು ಚಿಕ್ಕ ಅಧ್ಯಾಯವಿತ್ತು ಎಂಬುದನ್ನು ಮರೆಯಬಾರದು. ಕನ್ನಡದ ಮೊದಲ ಪತ್ರಿಕೆ, ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಆರಂಭಿಸಿದ ‘ಮಂಗಳೂರ ಸಮಾಚಾರ’, ಕಲ್ಲಚ್ಚಿನಲ್ಲಿ ಮುದ್ರಿತವಾದದ್ದು. ಅಂದರೆ ಕನ್ನಡ ಪತ್ರಿಕೋದ್ಯಮದ ಮೊದಲ ಪುಟ ಒಬ್ಬ ಲೇಖಕನ ಕೈಬರಹ. ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಗಿ ಮೊಳೆಯ ಅಚ್ಚಿಗೆ ಒಳಪಟ್ಟಿತು. ಮೊಳೆಯ ಪರಂಪರೆ ಆ ವೇಳೆಗೆ ಕಾಲು ಶತಮಾನ ಹಳೆಯದು: 1817ರಲ್ಲಿ ಶ್ರೀರಾಂಪುರದಿಂದ ಕೇರಿಯ ಕನ್ನಡ ವ್ಯಾಕರಣ, 1820ರಲ್ಲಿ ಮದರಾಸಿನಿಂದ ಮೆಕೆರೆಲ್‌ನ ವ್ಯಾಕರಣ, 1824 ಮತ್ತು 1832ರಲ್ಲಿ ರೀವ್‌ನ ನಿಘಂಟುಗಳು. ಮುಂದೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು ಮೊಳೆಯ ಅಚ್ಚಿನಲ್ಲಿ ಪ್ರಸಿದ್ಧವಾಗಿ, 1894ರಲ್ಲಿ ಕಿಟೆಲ್ ನಿಘಂಟನ್ನು ಹೊರತಂದಿತು. ಈ ಯಾದಿಯಲ್ಲಿ ಕಾಗಿಣಾ ಕಣಿವೆಯ ಊರೊಂದೂ ಇಲ್ಲ. ಮೊಳೆ ಕೊರೆಯುವವರಿಗೆ ಮಾದರಿ ಬರೆದುಕೊಟ್ಟವರು ಮದರಾಸು, ಬಳ್ಳಾರಿ, ಮೈಸೂರು, ಕರಾವಳಿಗಳ ಮುನಷಿಗಳು. ಅವರ ಕೈ 18, 19ನೆಯ ಶತಮಾನಗಳ ಓಲೆ, ಕಡತ, ಕಾಗದಗಳಲ್ಲಿ ಪಳಗಿದ್ದು. ಅದು ಕೀಳು ಎಂದು ನಾನು ಹೇಳುತ್ತಿಲ್ಲ. ಅದು ನಾಗಾವಿಯ ಕೈಯಲ್ಲ, ಅಷ್ಟೆ.

ಮೊಳೆಯು ಅಕ್ಷರಕ್ಕೆ ಮಾಡಿದ ಬದಲಾವಣೆಯೂ ಸಣ್ಣದಲ್ಲ. ಪ್ರತಿ ಅಕ್ಷರವೂ ಒಂದೇ ಎತ್ತರದ ಲೋಹದ ತುಂಡಿನಲ್ಲಿ ಅಡಗಬೇಕು. ಒತ್ತಕ್ಷರ ಕೆಳಗಿನ ಸಾಲಿಗೆ ಚಾಚುವಂತಿಲ್ಲ, ಹಾಗಾಗಿ ಅದು ಕುಗ್ಗುತ್ತದೆ ಅಥವಾ ಬಲಕ್ಕೆ ಸರಿಯುತ್ತದೆ. ಕಾಗುಣಿತದ ಚಿಹ್ನೆಗಳನ್ನು ಬೇರೆ ಮೊಳೆಗಳಾಗಿ ಜೋಡಿಸಬೇಕಾದುದರಿಂದ ಒಂದೇ ಗುಡಿಸು, ಒಂದೇ ದೀರ್ಘ ಎಲ್ಲ ಅಕ್ಷರಕ್ಕೂ ಹೊಂದಬೇಕು. ಲೇಖಕನು ಸಾಲಿನ ಕೊನೆಯಲ್ಲಿ ಗೆರೆಯನ್ನು ಎಳೆದು ಬಿಡುವ, ಮೇಲಿನ ಸಾಲಿನ ಒತ್ತನ್ನು ತಪ್ಪಿಸಿಕೊಂಡು ಕೆಳಗಿನ ಅಕ್ಷರವನ್ನು ಕೂರಿಸುವ ಸ್ವಾತಂತ್ರ್ಯ ಇಲ್ಲಿಲ್ಲ. ಓದುವ ಸೌಲಭ್ಯ ಹೆಚ್ಚಿತು, ಪುಸ್ತಕ ಅಗ್ಗವಾಯಿತು. ಈ ಲಾಭವನ್ನು ಯಾರೂ ಅಲ್ಲಗಳೆಯಲಾರರು.

ನಾಗಾವಿಯ ಶಾಸನಗಳು ಅಚ್ಚಿಗೆ ಬಂದದ್ದು ಹೈದರಾಬಾದ್ ಸಂಸ್ಥಾನದ ಮೂಲಕ. ಗುಲಾಂ ಯಜದಾನಿಯವರ ನೇತೃತ್ವದಲ್ಲಿ 1914ರಲ್ಲಿ ಸ್ಥಾಪಿತವಾದ ಅಲ್ಲಿನ ಪುರಾತತ್ತ್ವ ಇಲಾಖೆಯು ತನ್ನ ಗ್ರಂಥಮಾಲೆಯ ಮೊದಲ ಸಂಖ್ಯೆಯಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಪ್ರಕಟಿಸಿತ್ತು. ಅದರ ಎಂಟನೆಯ ಸಂಖ್ಯೆ, 1928ರಲ್ಲಿ ಬಂದದ್ದು, ನಾಗಾವಿಯ ಶಾಸನಗಳಿಗೆ ಮೀಸಲಾಗಿದೆ. ಆಡಳಿತವೆಲ್ಲ ಉರ್ದುವಿನಲ್ಲಿದ್ದ, ಕನ್ನಡ ಶಾಲೆಗಳಿಗಾಗಿ ಜನ ಹೋರಾಡಬೇಕಾಗಿದ್ದ ರಾಜ್ಯವೊಂದು ಕನ್ನಡದ ಈ ದಾಖಲೆಯನ್ನು ಜತನದಿಂದ ಪ್ರಕಟಿಸಿತು ಎಂಬುದನ್ನು ನ್ಯಾಯವಾಗಿ ದಾಖಲಿಸಬೇಕು. ಆದರೆ ಯಾವ ಶಾಸನ ಸಂಪುಟದಲ್ಲಿಯೂ, ಪಾಠವನ್ನು ರೋಮನ್ ಲಿಪಿಯಲ್ಲಿ ಕೊಟ್ಟಿರಲಿ ಕನ್ನಡ ಮೊಳೆಯಲ್ಲಿ ಕೊಟ್ಟಿರಲಿ, ಉಳಿಯುವುದು ಓದು. ಕೈ ಉಳಿಯುವುದು ಪಡಿಯಚ್ಚಿನ ಚಿತ್ರಫಲಕದಲ್ಲಿ ಮಾತ್ರ. ಲಿಪಿಶಾಸ್ತ್ರದ ಗ್ರಂಥಗಳೂ ಈ ಕೊರತೆಯನ್ನು ಪೂರ್ಣವಾಗಿ ತುಂಬುವುದಿಲ್ಲ. 1874ರಲ್ಲಿ ಮಂಗಳೂರಿನಲ್ಲಿಯೇ ಮುದ್ರಿತವಾದ ಬರ್ನೆಲ್‌ನ ದಕ್ಷಿಣ ಭಾರತ ಲಿಪಿಶಾಸ್ತ್ರ ಆಗಲಿ, ನಮ್ಮವರೇ ಆದ ಎ. ವಿ. ನರಸಿಂಹಮೂರ್ತಿಯವರ ಕನ್ನಡ ಲಿಪಿ ವಿಕಾಸದ ಅಧ್ಯಯನ ಆಗಲಿ ಕಾಲಾನುಕ್ರಮದ ಅಕ್ಷರಪಟ್ಟಿಕೆಯನ್ನು ಕೊಡುತ್ತವೆ. ಪಟ್ಟಿಕೆಯಲ್ಲಿ ಒಂದು ‘ಕ’ ಒಂದು ಶತಮಾನವನ್ನು ಪ್ರತಿನಿಧಿಸುತ್ತದೆ. ಒಬ್ಬ ಲೇಖಕ ಒಂದೇ ಶಾಸನದಲ್ಲಿ ‘ಕ’ವನ್ನು ಹತ್ತು ಬಾರಿ ಬರೆಯುವಾಗ ಹತ್ತು ಸಣ್ಣ ವ್ಯತ್ಯಾಸಗಳನ್ನು ತರುತ್ತಾನಲ್ಲ, ಅದು ಅಲ್ಲಿ ಕಾಣುವುದಿಲ್ಲ. ಕೈಬರಹದ ಸೊಬಗು ಇರುವುದು ಆ ವ್ಯತ್ಯಾಸಗಳಲ್ಲಿಯೇ.

ಗಣಕದ ಕಾಲದಲ್ಲಿ ಸೀಸದ ಚೌಕದ ನಿರ್ಬಂಧ ತಾಂತ್ರಿಕವಾಗಿ ಇಲ್ಲವಾಗಿದೆ. ಕನ್ನಡಕ್ಕೆ 1991ರಲ್ಲಿ ಯೂನಿಕೋಡ್‌ನಲ್ಲಿ ಸ್ಥಾನ ದೊರೆಯಿತು. 1998ರಲ್ಲಿ ಬರಹ, ನಂತರ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳು ಅಕ್ಷರಜೋಡಣೆಯನ್ನು ಸಾಮಾನ್ಯರ ಕೈಗೆ ಕೊಟ್ಟವು. ಒಂದೇ ಅಕ್ಷರಕ್ಕೆ ಹಲವು ರೂಪಗಳನ್ನು ಇಟ್ಟು, ನೆರೆಯ ಅಕ್ಷರವನ್ನು ನೋಡಿ ಆಯ್ದುಕೊಳ್ಳುವ ವ್ಯವಸ್ಥೆ ಇಂದಿನ ಫಾಂಟುಗಳಲ್ಲಿದೆ. ಈ ಅನುಕೂಲವನ್ನು ಬಳಸಿಕೊಂಡ ಪ್ರಯೋಗಗಳೂ ಬಂದಿವೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರು ರೂಪಿಸಿದ ಅಕಾಯ ಫಾಂಟು ಕನ್ನಡಕ್ಕೂ ತೆಲುಗಿಗೂ ಜೋಡಿಯಾಗಿ, ಶೀರ್ಷಿಕೆಗಳಿಗೆಂದೇ ಸಿದ್ಧವಾದದ್ದು. ಸೇಡಂನ ಕಲ್ಲುಗಳ ಎದುರು ನಿಂತು ನೋಡುವವನಿಗೆ ಈ ಜೋಡಣೆ ಹೊಸದೆನಿಸದು.

ನಾಗಾವಿಯ ಬರಹದಿಂದ ಒಂದು ಫಾಂಟನ್ನು ಕಟ್ಟುವುದಾದರೆ ಮೊದಲ ಪ್ರಶ್ನೆ ಆಕರದ್ದು. ಹಳೆಯ ಪಡಿಯಚ್ಚು ಕಪ್ಪು ಬಿಳುಪಿನ ಅಂಚನ್ನು ಮಾತ್ರ ಕೊಡುತ್ತದೆ. ಗೆರೆಯ ಆಳ, ಉಳಿ ಒಳಹೊಕ್ಕ ಕೋನ ಅದರಲ್ಲಿ ದಾಖಲಾಗುವುದಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಆ ನಗರದ ಪರಿಸರದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್‌ಗೆ ಒಳಪಡಿಸುತ್ತಿದ್ದು, ಕಣ್ಣಿಗೆ ಸವೆದು ಹೋದಂತೆ ಕಾಣುವ ಅಕ್ಷರಗಳೂ ಅದರಲ್ಲಿ ಮೂಡಿ ಬರುತ್ತಿವೆ. ಅಂತಹ ಕೆಲಸಕ್ಕೆ ಚಿತ್ತಾಪುರ, ಸೇಡಂ ತಾಲೂಕುಗಳಿಗಿಂತ ಯೋಗ್ಯವಾದ ಕ್ಷೇತ್ರ ಅಪರೂಪ. ಕಾಲವೂ ಬಹಳವಿಲ್ಲ. ಪೂಜೆಯ ಎಣ್ಣೆ, ಜೀರ್ಣೋದ್ಧಾರದ ಸುಣ್ಣ, ಮಳೆ ಬಿಸಿಲುಗಳು ಗುಡಿಯ ಶಾಸನದ ಮೇಲೆ ವರ್ಷ ವರ್ಷವೂ ಕೆಲಸ ಮಾಡುತ್ತಲೇ ಇರುತ್ತವೆ. ಅರ್ಥದ ದೃಷ್ಟಿಯಿಂದ ಓದಿ ಮುಗಿದ ಶಾಸನಕ್ಕೆ ಈ ಸವೆತ ನಷ್ಟವಲ್ಲ ಎಂದು ತೋರಬಹುದು, ಅಕ್ಷರದ ದೃಷ್ಟಿಯಿಂದ ಅದು ಮೂಲಪ್ರತಿಯ ನಾಶ.

ಬಳಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸಂಕುಚಿತವೆಂದು ಕೆಲವರಿಗೆ ಅನ್ನಿಸಬಹುದು. ಇಂತಹ ಅಕ್ಷರ ಪುಟಗಟ್ಟಲೆ ಓದುವ ಗದ್ಯಕ್ಕೆ ತಕ್ಕುದಲ್ಲ. ಅದರ ಒತ್ತುಗಳು ಇಳಿಯಲು ಸಾಲಿನ ನಡುವೆ ಬಹಳ ಜಾಗ ಬೇಕು. ಗ್ರಂಥದ ರಕ್ಷಾಪುಟ, ಪ್ರಶಸ್ತಿಪತ್ರ, ವಸ್ತುಸಂಗ್ರಹಾಲಯದ ಫಲಕ, ಸ್ಮಾರಕಗಳ ಬಳಿಯ ನಾಮಫಲಕ, ಶಹಾಬಾದಿ ಕಲ್ಲಿನಲ್ಲಿ ಕೊರೆಯುವ ಶಂಕುಸ್ಥಾಪನೆಯ ಬರಹ, ಇವು ಅದಕ್ಕೆ ಸಹಜವಾದ ಎಡೆಗಳು. ಈಗ ಮದುವೆಯ ಆಮಂತ್ರಣದಿಂದ ಹಿಡಿದು ಹೋಟೆಲಿನ ಬೋರ್ಡಿನವರೆಗೆ ‘ಶಾಸನದಂತೆ’ ಕಾಣಿಸಲೆಂದು ಮಾಮೂಲಿ ಅಚ್ಚಕ್ಷರಕ್ಕೆ ಒಡೆದ ಅಂಚು, ಮೂಲೆಯ ಬಿರುಕು ಸೇರಿಸುವ ಪದ್ಧತಿ ಬಂದಿದೆ. ಅದರಲ್ಲಿ ಶಾಸನದ ಕೈಯಿಲ್ಲ, ಶಾಸನದ ಮುಪ್ಪು ಮಾತ್ರ ಇದೆ. ಕಂಡರಿಸಿದ ದಿನ ನಾಗಾವಿಯ ಕಲ್ಲು ನುಣುಪಾಗಿತ್ತು, ಗೆರೆ ಹರಿತವಾಗಿತ್ತು.

ಕಠಿಣವಾದ ಪ್ರಶ್ನೆ ಇಲ್ಲದ ಅಕ್ಷರಗಳದ್ದು. 1058ರ ಲೇಖಕನು ಏಕಾರ, ಓಕಾರಗಳ ದೀರ್ಘಚಿಹ್ನೆಯನ್ನು ಬರೆದವನಲ್ಲ. ಪ್ರಶ್ನಾರ್ಥಕ ಚಿಹ್ನೆ, ಆವರಣ, ಅಲ್ಪವಿರಾಮಗಳೂ ಅವನಿಗೆ ತಿಳಿಯವು. ಇಂದಿನ ಕನ್ನಡವನ್ನು ಬರೆಯಲು ಇವೆಲ್ಲ ಬೇಕು. ಈಕಾರದ ಒಳಸುರುಳಿಯನ್ನೇ ಏಕಾರಕ್ಕೂ ವಿಸ್ತರಿಸಬಹುದೆ, ಅಥವಾ ಮುದ್ರಣಕಾಲದ ದೀರ್ಘವನ್ನು ಆ ಕೈಯ ಓಟಕ್ಕೆ ಒಗ್ಗಿಸಿ ಬರೆಯಬೇಕೆ? ಮೊದಲನೆಯದು ಬರಹಕ್ಕೆ ನಿಷ್ಠೆ, ಎರಡನೆಯದು ಓದುಗನಿಗೆ ನಿಷ್ಠೆ. ನಾನು ಎರಡನೆಯದರ ಪರ, ಏಕೆಂದರೆ ನಾಮಫಲಕವನ್ನು ಓದುವವರು ಲಿಪಿಶಾಸ್ತ್ರಜ್ಞರಲ್ಲ. ಆದರೆ ಱ ಮತ್ತು ೞ ಎರಡನ್ನೂ ಬಿಡದೆ ಸೇರಿಸಬೇಕು. ಯೂನಿಕೋಡ್‌ನ ಕನ್ನಡ ಪಟ್ಟಿಕೆಯಲ್ಲಿ ೞ ಅಕ್ಷರಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮವಿರುವುದರಿಂದ ಅದು ಹಾಗೆಯೇ ಮುಂದುವರಿದಿದೆ. ಹಳಗನ್ನಡದಲ್ಲಿ ಏೞು, ಬಾೞೆ, ಪೊೞಲ್ ಎಂದು ಬರೆಯುವಾಗ ಬೇಕಾಗುತ್ತಿದ್ದ ಈ ಅಕ್ಷರವನ್ನು ಗಣಕದಲ್ಲಿ ಹುಡುಕುವ ವಿದ್ಯಾರ್ಥಿಯು ಇಂದು ಬೇರೊಂದು ಅಕ್ಷರದ ಹೆಸರಿನಲ್ಲಿ ಅದನ್ನು ಕಂಡುಕೊಳ್ಳಬೇಕಾಗಿದೆ.